ಮೂರು ಕಾಲು ಕೂಡಿದರೆ ಮುಕ್ಕಾಲು
ಚನ್ನಗಿರಿಯಲ್ಲಿ ಅಡಿಕೆ, ಹೊನ್ನಾಳಿ-ನ್ಯಾಮತಿ ಕಡೆ ಮೆಕ್ಕೆಜೋಳ, ಜಗಳೂರಿನಲ್ಲಿ ಶೇಂಗಾ. ಮಕ್ಕಳಿಗೆ ಭಿನ್ನರಾಶಿ ಕಲಿಸಲು ಮನೆಯಲ್ಲಿರುವ ಇಷ್ಟೇ ಸಾಕು.

ರೊಟ್ಟಿ ಮುರಿದು ಅರ್ಧ, ಕಾಲು ತೋರಿಸುವುದು ಸುಲಭ. ತೊಡಕು ಬರುವುದು ಗುಂಪಿನಲ್ಲಿ. ‘12 ಶೇಂಗಾಕಾಯಲ್ಲಿ ಮೂರನೇ ಒಂದು ಭಾಗ ಕೊಡು ಪುಟ್ಟಾ’ ಎಂದರೆ ಎಷ್ಟೋ ಮಕ್ಕಳು ಮೂರು ಕಾಯಿ ಎತ್ತಿ ಕೊಡುತ್ತವೆ. ದಯವಿಟ್ಟು ಗದರಬೇಡಿ. ಕಿವಿಗೆ ಬಿದ್ದ ಅಂಕಿಯನ್ನು ಮಗು ಎಣಿಸಿ ಕೊಟ್ಟಿದೆ, ಅಷ್ಟೆ.

ಮೊದಲು ಆ ಹನ್ನೆರಡರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ‘ಇದಿಷ್ಟೂ ಸೇರಿ ಒಂದು’ ಎನ್ನಿ. ಮೂರು ತಟ್ಟೆ ಇಟ್ಟು, ಒಂದೊಂದೇ ಕಾಯಿ ಹಂಚಿಸಿ. ಒಂದು ತಟ್ಟೆಗೆ ಬಂದ ನಾಲ್ಕೇ ಮೂರನೇ ಒಂದು ಭಾಗ. ತಟ್ಟೆ ನಾಲ್ಕಾದರೆ ಒಂದೊಂದಕ್ಕೂ ಮೂರು ಕಾಯಿ. ಅದು ಕಾಲು ಭಾಗ. ಈಗ ಮೂರು ತಟ್ಟೆ ಒಟ್ಟುಗೂಡಿಸಲು ಹೇಳಿ: ಒಂಬತ್ತು. ಮೂರು ಕಾಲು ಸೇರಿಯೇ ಮುಕ್ಕಾಲು ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ನಮ್ಮ ನುಡಿಯಲ್ಲೇ ಎಂಥ ಒಳ್ಳೆಯ ಪಾಠ ಅಡಗಿದೆ ನೋಡಿ! ಅಂಶ, ಛೇದ ಎಂಬ ಹೆಸರುಗಳಿಗೆ ಅವಸರ ಬೇಡ.

ಒಂದು ಎಚ್ಚರಿಕೆ: ಪಕ್ಕದಲ್ಲಿ ಎಳೆಗೂಸು ಆಡುತ್ತಿದ್ದರೆ ಕಾಳು, ಅಡಿಕೆ ಹರಡಬೇಡಿ, ಗಂಟಲಿಗೆ ಸಿಕ್ಕೀತು. ಆಗ ಬಳೆಗಳನ್ನು ಹಂಚಿಸಿ.