ಚಿಗರಿಯ ಬಯಲು, ಮೈಲಾರನ ಹೊಳೆ: ರಾಣೇಬೆನ್ನೂರು ಸೀಮೆಗೆ ಎರಡು ದಿನ

ಕುಪ್ಪೇಲೂರಿನ ಕಡೆ ಕಾಡು ನೋಡಲು ಬರುವವರು ದಾಂಡೇಲಿ, ನಾಗರಹೊಳೆಗಳನ್ನು ಮನಸ್ಸಿನಿಂದ ಬದಿಗಿಟ್ಟು ಬರಬೇಕು. ಇಲ್ಲಿ ಮುಗಿಲು ಮುಚ್ಚುವ ಮರಗಳಿಲ್ಲ, ಆನೆಯಿಲ್ಲ, ಹುಲಿಯಿಲ್ಲ. ಜಾಲಿ, ಕಾರೆ, ಕವಳಿ ಕಂಟಿಗಳ ನಡುವೆ ಮೊಣಕಾಲೆತ್ತರದ ಹುಲ್ಲು ಇದೆ. ಅದರಾಚೆ ಗೋವಿನಜೋಳದ ಹೊಲ, ಮತ್ತೆ ಕುರುಚಲು, ಮತ್ತೆ ಹೊಲ. ಈ ಬಯಲನ್ನು ಸರಕಾರಿ ಕಾಗದಗಳು ಬಹಳ ಕಾಲ ‘ಪಾಳುಭೂಮಿ’ ಎಂದೇ ಬರೆದುಕೊಂಡವು. ಆದರೆ ಚಿಗರಿ ಎಂಬ ಕೃಷ್ಣಮೃಗ, ತೋಳ, ಕುರಿಮಂದೆ, ಕಂಬಳಿ, ಕೊನೆಗೆ ಮೈಲಾರಲಿಂಗ ದೇವರು ಕೂಡ ಈ ಹುಲ್ಲನ್ನೇ ನಂಬಿಕೊಂಡವರು. ಅಭಯಾರಣ್ಯ ಒಂದು ಪ್ರವಾಸ, ಗುಡಿಗಳು ಇನ್ನೊಂದು ಪ್ರವಾಸ ಎಂದು ಇಬ್ಭಾಗ ಮಾಡಿದರೆ ಈ ಸೀಮೆ ಅರ್ಧವೇ ಕಾಣುತ್ತದೆ. ಎರಡನ್ನೂ ಸೇರಿಸಿ ಎರಡು ದಿನ ಇಟ್ಟುಕೊಂಡು ಬನ್ನಿ.

ಮೂರು ಸರಕಾರಗಳ ಹೊಳೆ

ಹೊರಡುವ ಮುನ್ನ ನಕ್ಷೆಯಲ್ಲಿ ತುಂಗಭದ್ರೆಯನ್ನು ಒಮ್ಮೆ ನೋಡಿ. ಹರಿಹರದಿಂದ ಉತ್ತರಕ್ಕೆ ತಿರುಗಿ ರಾಣೇಬೆನ್ನೂರು ತಾಲ್ಲೂಕಿನ ಅಂಚು ಹಿಡಿದು ಹರಿಯುವ ಈ ಹೊಳೆ ಶತಮಾನಗಳ ಕಾಲ ಗಡಿಯಾಗಿತ್ತು. ಟಿಪ್ಪುವಿನ ಪತನದ ಬಳಿಕ ಬಂಡೆದ್ದ ಧೋಂಡಿಯ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ಹರಿಹರದ ಬಳಿ ಹೊಳೆ ದಾಟಿ ಮರಾಠರ ಸೀಮೆಗೆ ಕಾಲಿಟ್ಟ. ಆಮೇಲೆ ಈ ದಂಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತು. ಆಚೆಯ ಹರಿಹರ ಮೈಸೂರು ಸಂಸ್ಥಾನದಲ್ಲಿ, ಹೂವಿನಹಡಗಲಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ ಉಳಿದವು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು. 1956ರಲ್ಲಿ ಈ ದಂಡೆಯೂ ಸೇರಿ ಎಲ್ಲ ಒಂದೇ ರಾಜ್ಯವಾಯಿತು. 1997ರಲ್ಲಿ ಧಾರವಾಡ ಒಡೆದು ಹಾವೇರಿ ಜಿಲ್ಲೆ ಹುಟ್ಟಿತು. ಜಿಲ್ಲೆಯ ಗಡಿ ಇಂದಿಗೂ ಹೊಳೆಯೇ. ಮೈಲಾರನ ಜಾತ್ರೆಗೆ ಹೋಗುವವರಿಗೂ ಮೇವು ಹುಡುಕಿ ಹೊರಡುವ ಕುರಿಗಾರರಿಗೂ ಮಾತ್ರ ಈ ಗಡಿ ಯಾವಾಗಲೂ ದಾಟುವ ದಾರಿಯೇ ಆಗಿತ್ತು.

ಯಾವಾಗ, ಹೇಗೆ

ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮುಂಗಾರು ಮುಗಿದು ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ, ನಸುಕಿನಲ್ಲಿ ಚಳಿ ಹಿತವಾಗಿರುತ್ತದೆ. ಮಾರ್ಚ್ ಕಳೆದ ಮೇಲೆ ಬಿಸಿಲು ಬೆನ್ನು ಸುಡುತ್ತದೆ. ಆಗ ಬರಲೇಬೇಕಾದರೆ ಹತ್ತು ಗಂಟೆಯೊಳಗೆ ಬಯಲಿನ ಕೆಲಸ ಮುಗಿಸಿ. ಮಳೆಗಾಲದಲ್ಲಿ ಎರೆ ಹೊಲದ ದಾರಿಗೆ ಕಾರು ಇಳಿಸಬೇಡಿ. ಕರಿಮಣ್ಣು ಚಕ್ರ ಹಿಡಿದರೆ ಟ್ರ್ಯಾಕ್ಟರ್ ಬರುವವರೆಗೆ ಬಿಡುವುದಿಲ್ಲ.

ರಾಣೇಬೆನ್ನೂರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆಯೇ ಇದೆ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್, ಹುಬ್ಬಳ್ಳಿಯಿಂದ ನೂರರ ಆಸುಪಾಸು. ಹುಬ್ಬಳ್ಳಿ–ಬೆಂಗಳೂರು ಮಾರ್ಗದ ರೈಲು ನಿಲ್ದಾಣವೂ ಇದೆ. ವಿಮಾನದಲ್ಲಿ ಬರುವವರಿಗೆ ಹುಬ್ಬಳ್ಳಿಯಲ್ಲಿ ನಿಲ್ದಾಣವಿದೆ. ವಾಸ್ತವ್ಯಕ್ಕೆ ರಾಣೇಬೆನ್ನೂರೇ ಅನುಕೂಲ. ಕುಪ್ಪೇಲೂರು ಇರುವುದು ಹಲಗೇರಿ, ತುಮ್ಮಿನಕಟ್ಟಿಗಳ ದಿಕ್ಕಿನಲ್ಲಿ. ವಾಯವ್ಯ ಸಾರಿಗೆಯ ಬಸ್ಸುಗಳು ಊರಿಂದೂರಿಗೆ ಮುಟ್ಟಿಸುತ್ತವೆ, ಆದರೆ ಚಿಗರಿ ಮೇಯುವ ಹೊತ್ತಿಗೆ ಬಸ್ಸಿನ ಹೊತ್ತು ಹೊಂದುವುದಿಲ್ಲ. ಸ್ವಂತ ವಾಹನ ಇಲ್ಲದವರು ರಾಣೇಬೆನ್ನೂರಿನಲ್ಲಿ ಒಂದು ಗಾಡಿ ಮಾತಾಡಿಕೊಳ್ಳುವುದು ಮೇಲು.

ಮೊದಲ ದಿನ: ಚಿಗರಿಯ ಬಯಲು

ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ವಿಸ್ತೀರ್ಣ 119 ಚದರ ಕಿಲೋಮೀಟರ್. ಅದರಲ್ಲಿ ಪ್ರವೇಶಕ್ಕೆ ಬಿಗಿ ಕಟ್ಟಳೆಯಿರುವ ಒಳತಿರುಳು 15 ಚದರ ಕಿಲೋಮೀಟರಿಗೂ ಕಡಿಮೆ. ಇದು ಒಂದೇ ತುಂಡು ಕಾಡೂ ಅಲ್ಲ. ಹುಲ್ಲತ್ತಿ, ಹುಣಸಿಕಟ್ಟಿ, ಹಲಗೇರಿ ಎಂದು ಮೂರು ಭಾಗಗಳಲ್ಲಿ ಚದುರಿದೆ. ನಡುನಡುವೆ ಊರು, ತಾಂಡಾ, ಹೊಲ, ಕೆರೆ. ಅರಣ್ಯ ಇಲಾಖೆ ಗೆರೆ ಎಳೆದಿದೆ, ಚಿಗರಿ ಅದನ್ನು ಲೆಕ್ಕಕ್ಕಿಟ್ಟಿಲ್ಲ. ಎಷ್ಟೋ ಸಲ ಗೇಟಿನ ಒಳಗೆ ಕಾಣದ ಹಿಂಡು ಕುಪ್ಪೇಲೂರು ರಸ್ತೆಯ ಬದಿಯ ಹೊಲದಲ್ಲೇ ಕಂಡೀತು. ಆದ್ದರಿಂದ ದಾರಿಯುದ್ದಕ್ಕೂ ಕಣ್ಣು ತೆರೆದಿರಲಿ.

ಒಳಗೆ ಹೋಗಲು ರಾಣೇಬೆನ್ನೂರಿನ ಅರಣ್ಯ ಇಲಾಖೆಯ ಕಚೇರಿಯಲ್ಲಿ ಹಿಂದಿನ ದಿನವೇ ವಿಚಾರಿಸಿ. ಯಾವ ದಾರಿ ತೆರೆದಿದೆ, ಶುಲ್ಕವೆಷ್ಟು, ಜೊತೆಗೆ ಸಿಬ್ಬಂದಿ ಬರುತ್ತಾರೆಯೇ ಎಂಬುದು ಋತುವಿನಿಂದ ಋತುವಿಗೆ ಬದಲಾಗುತ್ತದೆ. ಬೇಸಿಗೆಯಲ್ಲಿ ಬೆಂಕಿಯ ಭಯದಿಂದ ಪ್ರವೇಶ ನಿಲ್ಲಿಸುವುದೂ ಉಂಟು.

ಹೊತ್ತು ಹುಟ್ಟುವಾಗ ಮೊದಲ ಸುತ್ತು, ಸಂಜೆ ನಾಲ್ಕರ ಮೇಲೆ ಎರಡನೆಯದು. ಮಧ್ಯಾಹ್ನ ಹಿಂಡುಗಳು ಕಂಟಿಯ ನೆರಳು ಸೇರುತ್ತವೆ. ಬಲಿತ ಗಂಡನ್ನು ಗುರುತಿಸುವುದು ಸುಲಭ: ಮೇಲೆ ಕಡುಗಪ್ಪು, ಹೊಟ್ಟೆ ಬಿಳಿ, ತಿರುಚಿದ ಉದ್ದ ಕೊಂಬು. ಹೆಣ್ಣಿಗೂ ಮರಿಗೂ ತಿಳಿಕಂದು ಬಣ್ಣ. ಹೆಣ್ಣಿಗೆ ಕೊಂಬಿಲ್ಲ. ಒಂಟಿಯಾಗಿ ಒಂದೇ ಕಡೆ ನಿಂತ ಕಪ್ಪು ಗಂಡು ಕಂಡರೆ ಅದು ತನ್ನ ಜಹಗೀರು ಕಾಯುತ್ತಿದೆ ಎಂದು ತಿಳಿಯಿರಿ. ಒಂದೇ ಜಾಗದಲ್ಲಿ ರಾಶಿಬಿದ್ದ ಹಿಕ್ಕೆ ಅದರ ಎಲ್ಲೆಗಲ್ಲು. ಹೆಣ್ಣುಗಳು ಹತ್ತಿರ ಬಂದಾಗ ಕತ್ತು ಮೇಲೆತ್ತಿ, ಕೊಂಬು ಬೆನ್ನಿಗೆ ಚಾಚಿ, ಠೀವಿಯಿಂದ ನಡೆಯುತ್ತದೆ. ಅಪಾಯ ಕಂಡಾಗ ಹಿಂಡಿನ ಒಂದು ಚಿಗರಿ ಚಿಮ್ಮುತ್ತದೆ, ಬೆನ್ನಿಗೇ ಉಳಿದವೂ ಚಿಮ್ಮಿ ಓಟ ಕೀಳುತ್ತವೆ. ಗಂಟೆಗೆ 80 ಕಿಲೋಮೀಟರ್ ಹತ್ತಿರದ ಈ ಓಟ ಅದಕ್ಕೆ ಬಂದಿರುವುದು ತೆರೆದ ಬಯಲಿನಲ್ಲಿ ಬದುಕಿದ್ದರಿಂದಲೇ. ಅಡಗಲು ಮರೆಯಿಲ್ಲದವನಿಗೆ ಕಣ್ಣು, ಕಾಲು ಎರಡೇ ಆಸರೆ.

ವಾಹನದಿಂದ ಇಳಿಯಬೇಡಿ. ಎಂಜಿನ್ ನಿಲ್ಲಿಸಿ ಸುಮ್ಮನಿದ್ದರೆ ಹಿಂಡು ಮತ್ತೆ ಮೇಯತೊಡಗುತ್ತದೆ. ಮನುಷ್ಯನ ಆಕಾರ ನೆಲದ ಮೇಲೆ ಕಂಡ ಕೂಡಲೇ ಓಡುತ್ತದೆ. ಹುಲ್ಲಿನಲ್ಲಿ ಒಂಟಿ ಮರಿ ಮಲಗಿದ್ದರೆ ಅದು ತಬ್ಬಲಿಯೆಂದು ಎತ್ತಿಕೊಳ್ಳಲು ಹೋಗಬೇಡಿ. ಹುಟ್ಟಿದ ಹೊಸತರಲ್ಲಿ ತಾಯಿ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿಯಿದು, ಮುಟ್ಟುವುದೂ ಅಪರಾಧವಾದೀತು.

ತೋಳ, ನರಿ, ಕತ್ತೆಕಿರುಬ, ಕಾಡುಹಂದಿ, ನವಿಲುಗಳೂ ಇಲ್ಲಿವೆ. ತೋಳ ಕಾಣುವುದು ಅದೃಷ್ಟ. ಕಂಡರೆ ಬಹುಪಾಲು ನಸುಕಿನಲ್ಲಿ, ಕುರಿಮಂದೆ ಬೀಡುಬಿಟ್ಟ ಹೊಲದ ಆಸುಪಾಸಿನಲ್ಲೇ. ಹಕ್ಕಿ ನೋಡುವವರು ದುರ್ಬೀನು ಮರೆಯಬೇಡಿ. ಬಯಲುಸೀಮೆಯ ಹುಲ್ಲುಗಾವಲುಗಳಿಗೆ ಚಳಿಗಾಲದಲ್ಲಿ ದೂರದ ಉತ್ತರದಿಂದ ಹ್ಯಾರಿಯರ್ ಗಿಡುಗಗಳು ವಲಸೆ ಬಂದು ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುತ್ತಾ ಬೇಟೆ ಹುಡುಕುತ್ತವೆ.

ಈ ಬಯಲಿನ ದೊಡ್ಡ ಹಕ್ಕಿ ಎರೆಭೂತ ಒಂದು ಕಾಲಕ್ಕೆ ಇಲ್ಲಿ ಇತ್ತು, ಈಗಿಲ್ಲ. ರಾಜ್ಯದಲ್ಲಿ ಅದರ ಕೊನೆಯ ಆಸರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯ ಎರೆಹೊಲಗಳು, ಅಲ್ಲಿಯೂ ಬೆರಳೆಣಿಕೆಯಷ್ಟು. ಬಹುದೂರ ಕಣ್ಣು ಹಾಯುವ ಬಯಲೇ ಬೇಕೆನ್ನುವ ಹಕ್ಕಿ ಅದು. ಮರಗಳ ಸಾಲು ಎದ್ದಲ್ಲಿ ಅದಕ್ಕೆ ಬಾಳಿಲ್ಲ.

ನೀಲಗಿರಿ ಸಾಲುಗಳನ್ನು ಓದುವುದು ಹೇಗೆ

ಅಭಯಾರಣ್ಯದೊಳಗೆ ಸಾಲುಸಾಲಾಗಿ ನಿಂತ ನೀಲಗಿರಿ ಕಂಡು ‘ಇದೇನು ಕಾಡು?’ ಎಂದು ಅನೇಕರು ಮುಖ ಸಿಂಡರಿಸುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಹುಲ್ಲುಗಾವಲನ್ನು ಬರಡು ಎಂದು ತಿಳಿದು ‘ಹಸಿರು ಮಾಡಲು’ ನೆಟ್ಟ ಮರಗಳಿವು. ಮರಗಳ ಸಂದಿಯಲ್ಲಿ ಚಿಗರಿ ಹೇಗೋ ಹೊಂದಿಕೊಂಡಿತು, ಎರೆಭೂತಕ್ಕೆ ಆಗಲಿಲ್ಲ.

ನೀಲಗಿರಿ ಅಭಯಾರಣ್ಯದ ಹೊರಗೂ ಹಬ್ಬಿತು. ಇದೇ ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ಹರಿಹರದ ಎದುರು ದಂಡೆಯಲ್ಲಿ, ಮರದ ತಿರುಳಿನಿಂದ ನಾರಿನ ಕಚ್ಚಾವಸ್ತು ಮಾಡುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿದೆ. ಅದಕ್ಕೆ ಮರ ಒದಗಿಸಲು 1984ರಲ್ಲಿ ಸರಕಾರ ಮತ್ತು ಕಂಪನಿ ಕೂಡಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಕಟ್ಟಿದವು. ಹಳ್ಳಿಗರ ಗೋಮಾಳಗಳಲ್ಲಿ ನೀಲಗಿರಿ ಎದ್ದಿತು. ದನಕುರಿ ಮೇಯಿಸಲು ನೆಲವಿಲ್ಲದಾಯಿತು. 1987ರ ನವೆಂಬರ್ 14ರಂದು ಇದೇ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಎಂದು ಅದು ಹೆಸರಾಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದಾಳತ್ವ ವಹಿಸಿತ್ತು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಮರ ಇದ್ದರಷ್ಟೇ ಕಾಡು ಎಂಬ ನಂಬಿಕೆಯನ್ನು ಮೇವಿನ ನೆಲದ ಜನ ಪ್ರಶ್ನಿಸಿದ ದೊಡ್ಡ ಪ್ರಸಂಗವದು.

ಇನ್ನೊಂದು ಮಾತೂ ತಿಳಿದಿರಬೇಕು. ಅದೇ ಚಿಗರಿ ರಾತ್ರಿ ಹೊಲಕ್ಕೆ ನುಗ್ಗಿ ಮೊಳಕೆ ಮೇಯುತ್ತದೆ. ಹೊಲದ ಬದುವಿನಲ್ಲಿ ಕಾವಲು ಕೂತ ರೈತನ ಮುಂದೆ ಚಿಗರಿಯ ಚೆಲುವು ಹೊಗಳುವ ಮುನ್ನ ಬೆಳೆ ಹೇಗಿದೆ ಎಂದು ಕೇಳಿ. ಎಲ್ಲಿ ಹಿಂಡು ಇಳಿಯುತ್ತದೆ ಎಂಬುದನ್ನು ಅವರಷ್ಟು ಸರಿಯಾಗಿ ಹೇಳುವವರು ಬೇರಾರೂ ಇಲ್ಲ.

ಎರಡನೇ ದಿನ: ಹೊಳೆದಂಡೆಯ ಕಲ್ಲು

ಬೆಳಗ್ಗೆ ಬೇಗ ಗುತ್ತಲದ ದಿಕ್ಕಿಗೆ ಹೊರಟು ಚೌಡಯ್ಯದಾನಪುರ ಸೇರಿ. ತುಂಗಭದ್ರೆಯ ದಂಡೆಯ ಮೇಲಿನ ಮುಕ್ತೇಶ್ವರ ಗುಡಿ ಕಲ್ಯಾಣ ಚಾಲುಕ್ಯ ಶೈಲಿಯದು. ಒಂದೇ ಗರ್ಭಗುಡಿ, ಅಚ್ಚುಕಟ್ಟಾದ ಶಿಖರ, ನುಣುಪು ಬಳಪದ ಕಲ್ಲು. ದೊಡ್ಡ ಗುಡಿಯಲ್ಲ. ಆದರೆ ಶಿಖರದ ಪ್ರತಿ ಅಂತಸ್ತನ್ನೂ ಬಿಡಿಸಿ ನೋಡುವಷ್ಟು ಪೂರ್ಣವಾಗಿ ಉಳಿದಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಕೆತ್ತನೆ ಎದ್ದು ಕಾಣುತ್ತದೆ. ಅಂಗಳದ ಆಳೆತ್ತರದ ಶಾಸನಕಲ್ಲುಗಳನ್ನು ಬಿಟ್ಟು ಬರಬೇಡಿ. ಗುತ್ತಲದಿಂದ ಆಳಿದ, ಉಜ್ಜಯಿನಿಯ ಗುಪ್ತರ ಕುಲ ತಮ್ಮದೆಂದು ಹೇಳಿಕೊಂಡ ಗುತ್ತ ಅರಸರ ಕಾಲದ ಶಾಸನಗಳು ಇಲ್ಲಿವೆ.

ಊರಿನ ಹೆಸರು 12ನೇ ಶತಮಾನದ ಅಂಬಿಗರ ಚೌಡಯ್ಯನೊಂದಿಗೆ ತಳುಕು ಹಾಕಿಕೊಂಡಿದೆ. ಬೇರೆ ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟುಕೊಂಡರೆ, ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ ನಿಷ್ಠುರಿ ಆತ. ಹೊಳೆ ದಾಟಿಸುವ ಕಾಯಕದವನು ಈ ದಂಡೆಗೆ ಸೇರಿದ್ದು ಸಹಜವೇ.

ಅಲ್ಲಿಂದ ಗಳಗನಾಥಕ್ಕೆ ನಡೆಯಿರಿ. ವರದಾ ನದಿ ತುಂಗಭದ್ರೆಯನ್ನು ಕೂಡುವ ತಾಣವಿದು. ಗಳಗೇಶ್ವರ ಗುಡಿಯ ಗರ್ಭಗುಡಿಯ ಸುತ್ತ ಇಳಿಜಾರಾದ ಭಾರಿ ಕಲ್ಲಿನ ಜಗತಿಯಿದೆ. ಮಳೆಗಾಲದ ಸಂಗಮದ ರಭಸ ನೋಡಿದರೆ ಅಷ್ಟು ಗಟ್ಟಿ ಬುಡ ಏಕೆ ಬೇಕಿತ್ತೆಂದು ಊಹಿಸಬಹುದು. ಕನ್ನಡ ಕಾದಂಬರಿಯ ಪಿತಾಮಹ ಎನಿಸಿದ ವೆಂಕಟೇಶ ತಿರಕೊ ಕುಲಕರ್ಣಿಯವರು ‘ಗಳಗನಾಥ’ ಎಂಬ ಕಾವ್ಯನಾಮ ತೆಗೆದುಕೊಂಡದ್ದು ಈ ಊರಿನಿಂದಲೇ. ಸಂಗಮದಲ್ಲಿ ನೀರಿಗಿಳಿಯಬೇಡಿ, ಮಡುಗಳಿರುತ್ತವೆ.

ಕುರಿಗಾರರ ದೇವರು

ಹೊಳೆಯಾಚೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರ, ಈಚೆ ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡ. ಮಣಿ–ಮಲ್ಲಾಸುರರನ್ನು ಕೊಂದ ಮೈಲಾರನ ನೆಲೆಗಳು ಇವೆರಡೂ. ಮಹಾರಾಷ್ಟ್ರದ ಜೆಜುರಿಯ ಖಂಡೋಬಾ, ತೆಲುಗು ನಾಡಿನ ಮಲ್ಲಣ್ಣ ಇವನ ಬಳಗವೇ. ಕುರಿ ಮೇಯುವ ದಖ್ಖನ್ನಿನ ಒಣ ಬಯಲು ಎಲ್ಲಿಯವರೆಗೆ ಹಬ್ಬಿದೆಯೋ ಈ ದೇವರೂ ಅಲ್ಲಿಯವರೆಗೆ ಹಬ್ಬಿದ್ದಾನೆ. ಇವನ ಒಕ್ಕಲಾದ ಗೊರವಯ್ಯಗಳು ಕಂಬಳಿ ತೊಟ್ಟು, ಡಮರುಗ ಹಿಡಿದು, ಹಣೆಗೆ ಭಂಡಾರ ಬಳಿದುಕೊಂಡು ಬರುತ್ತಾರೆ. ದೇವರ ನಾಯಿಗಳಂತೆ ಸೇವೆ ಮಾಡುವ ವಗ್ಗಯ್ಯಗಳೂ ಇದ್ದಾರೆ. ತೋಳದ ಸೀಮೆಯಲ್ಲಿ ಮಂದೆ ಕಾಯುವ ನಾಯಿಗೆ ದೇವರ ಬಾಗಿಲಲ್ಲೂ ಜಾಗ ಸಿಕ್ಕಿದೆ.

ಎರಡೂ ಕಡೆ ಕಾರಣಿಕ ನಡೆಯುತ್ತದೆ: ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ದೇವರಗುಡ್ಡದಲ್ಲಿ ದಸರಾ ವೇಳೆಗೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಜನಸಾಗರ ಸ್ತಬ್ಧವಾಗುತ್ತದೆ. ಒಂದೇ ಸಾಲಿನ ಭವಿಷ್ಯ ನುಡಿದು ಕೆಳಗೆ ಬೀಳುವ ಅವನನ್ನು ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮಳೆಯೋ ಬೆಳೆಯೋ ರಾಜಕೀಯವೋ ಎಂಬ ವಿಶ್ಲೇಷಣೆ ಆ ಸಂಜೆಯಿಂದಲೇ ಕಟ್ಟೆಗಳಲ್ಲಿ ಶುರು. ನೋಡಬೇಕೆಂದರೆ ಮಧ್ಯಾಹ್ನದೊಳಗೆ ತಲುಪಿ, ವಾಹನ ದೂರದಲ್ಲೇ ಬಿಟ್ಟು ನಡೆಯಿರಿ. ಪುಟ್ಟ ಮಕ್ಕಳನ್ನು ಆ ನೂಕುನುಗ್ಗಲಿಗೆ ತರುವುದು ಬೇಡ. ಉಳಿದ ದಿನಗಳಲ್ಲಿ ದೇವರಗುಡ್ಡವನ್ನು ಊರಿಗೆ ಮರಳುವ ದಾರಿಯಲ್ಲಿ ಸೇರಿಸಿಕೊಳ್ಳಬಹುದು.

ಇನ್ನರ್ಧ ದಿನ ಇದ್ದರೆ

ಬ್ಯಾಡಗಿಯ ಕಡೆ ತಿರುಗಿ. ದಾರಿಯಲ್ಲಿ ಕದರಮಂಡಲಗಿಯ ಕಾಂತೇಶ. ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶರ ಜೊತೆ ಇವನನ್ನೂ ಒಂದೇ ದಿನ ದರ್ಶನ ಮಾಡುವ ಪದ್ಧತಿಯಿದೆ. ಜನವರಿಯಿಂದ ಬೇಸಿಗೆಯವರೆಗೆ, ಸೋಮವಾರ ಇಲ್ಲವೇ ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಹೋದರೆ ಮೆಣಸಿನಕಾಯಿ ಚೀಲಗಳ ಕೆಂಪು ಸಾಲು ಮುಗಿಯುವುದೇ ಇಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಾಯಿಗೆ ಖಾರಕ್ಕಿಂತ ಬಣ್ಣವೇ ಬೆಲೆ. ಡಬ್ಬಿ, ಕಡ್ಡಿ ಎಂಬ ತಳಿಗಳನ್ನು ಕೇಳಿ ಕೊಳ್ಳಿ. ಮೂಗಿಗೆ ಕರವಸ್ತ್ರ ಇರಲಿ. ಅದೇ ತಾಲ್ಲೂಕಿನ ಕಾಗಿನೆಲೆ ಕನಕದಾಸರ ಊರು, ಆದಿಕೇಶವನ ನೆಲೆ.

ಊಟ ಮತ್ತು ನಡವಳಿಕೆ

ರಾಣೇಬೆನ್ನೂರಿನ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ ಸಿಗುತ್ತದೆ. ಅಭಯಾರಣ್ಯದ ಸುತ್ತ ಅಂಗಡಿ ಹುಡುಕುವ ಭರವಸೆ ಬೇಡ. ನೀರು, ಬುತ್ತಿ ಜೊತೆಗಿರಲಿ, ಪ್ಲಾಸ್ಟಿಕ್ ನಿಮ್ಮೊಂದಿಗೇ ವಾಪಸ್ಸಾಗಲಿ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಒಣಹುಲ್ಲಿನಲ್ಲಿ ಬೀಡಿ, ಸಿಗರೇಟು ಕಿಡಿ ಸಾಕು, ಮೈಲುಗಟ್ಟಲೆ ಮೇವು ಬೂದಿ. ಕುರಿಮಂದೆ ಎದುರಾದರೆ ಹಾರ್ನ್ ಹೊಡೆಯದೆ ಗಾಡಿ ಬದಿಗೆ ಹಾಕಿ, ಕುರಿಗಾರ ಮಂದೆ ದಾಟಿಸಲಿ.

ಸಮಯ ಒಂದೇ ದಿನ ಎನ್ನುವವರು ಗುಡಿಗಳ ಪಟ್ಟಿ ಕಿರಿದು ಮಾಡಿಕೊಳ್ಳಿ: ನಸುಕಿನಲ್ಲಿ ಬಯಲು, ಮಧ್ಯಾಹ್ನ ಚೌಡಯ್ಯದಾನಪುರ, ಸಂಜೆ ಮತ್ತೆ ಬಯಲು. ಗುಡಿ ಯಾವ ಹೊತ್ತಿಗೆ ಹೋದರೂ ನಿಂತಲ್ಲೇ ಇರುತ್ತದೆ, ಚಿಗರಿಗೆ ಮಾತ್ರ ತನ್ನದೇ ಹೊತ್ತಿದೆ.