ಮುದಿ ಕಾರಿನ ದಾನ: ಒಂದು ವಿವೇಚನೆ

(ಅಂತಿಮ ಬಿ.ಎ. ತರಗತಿಯ ಅರ್ಥಶಾಸ್ತ್ರ ವಿದ್ಯಾರ್ಥಿಯೊಬ್ಬನ ಲೇಖನ)

ದಾನವೆಂದರೇನು? ನಮ್ಮಲ್ಲಿರುವುದನ್ನು ಇನ್ನೊಬ್ಬರಿಗೆ ಕೊಡುವುದೇ ದಾನವೆಂದು ಸಾಮಾನ್ಯವಾಗಿ ಹೇಳುತ್ತೇವೆ. ಕಠೋಪನಿಷತ್ತಿನ ಕಥೆಯನ್ನು ಬಲ್ಲವರಿಗೆ ಈ ಉತ್ತರ ಸಾಲದು. ವಾಜಶ್ರವಸನು ಯಜ್ಞದಲ್ಲಿ ಹಾಲು ಬತ್ತಿದ ಮುದಿ ಗೋವುಗಳನ್ನು ಕೊಡುತ್ತಿದ್ದುದನ್ನು ಕಂಡು ಅವನ ಮಗ ನಚಿಕೇತನ ಮನಸ್ಸು ಕಲಕಿತು. ಕೊಟ್ಟವನಿಗೆ ಪುಣ್ಯ, ಪಡೆದವನಿಗೆ ಮೇವಿನ ಖರ್ಚು, ಇದು ದಾನವಾದೀತೆ? ಇದೇ ಪ್ರಶ್ನೆ ಅಮೆರಿಕದಲ್ಲಿ ತೆರಿಗೆ ಕಾನೂನಿನ ವಿಷಯವಾಯಿತೆಂದರೆ ಸಹಪಾಠಿಗಳಿಗೆ ಆಶ್ಚರ್ಯವಾಗಬಹುದು. ಅಲ್ಲಿ ಹಸುವಿನ ಸ್ಥಾನದಲ್ಲಿ ನಿಂತದ್ದು ಹಳೆಯ ಮೋಟಾರು ಕಾರು.

ಅಮೆರಿಕದಲ್ಲಿ ಹಳೆಯ ಕಾರನ್ನು ಧರ್ಮಸಂಸ್ಥೆಗೆ ಕೊಡುವ ರೂಢಿಯುಂಟು. ಸಂಸ್ಥೆಯ ಪರವಾಗಿ ಬಂದವರು ಕಾರನ್ನು ಎಳೆದೊಯ್ದು ಹರಾಜು ಹಾಕುತ್ತಾರೆ. ದಾನಿಯು ದಾನದ ಮೌಲ್ಯವನ್ನು ತನ್ನ ಆದಾಯದಿಂದ ಕಳೆದು ತೆರಿಗೆ ಉಳಿಸಿಕೊಳ್ಳಬಹುದು. ಹಿಂದೆ ಈ ಮೌಲ್ಯವನ್ನು ದಾನಿಯೇ ಅಂದಾಜು ಮಾಡಿ ಬರೆದುಕೊಳ್ಳುತ್ತಿದ್ದನು. ಇದರ ಫಲವೇನೆಂಬುದಕ್ಕೆ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯ 2003ರ ವರದಿಯೇ ಸಾಕ್ಷಿ. 2001ರಲ್ಲಿ ಒಬ್ಬರು 1983ರ ಮಾದರಿಯ ಟ್ರಕ್ಕನ್ನು ದಾನವಿತ್ತು 2,400 ಡಾಲರ್ ವಿನಾಯಿತಿ ಪಡೆಯಬಯಸಿದರು. ಹರಾಜಿನಲ್ಲಿ ಬಂದದ್ದು 375 ಡಾಲರ್. ಮಧ್ಯವರ್ತಿಯ ವೆಚ್ಚ, ಜಾಹೀರಾತಿನ ವೆಚ್ಚ ಕಳೆದು ಉಳಿದದ್ದು 63. ಅದರಲ್ಲಿ ಅರ್ಧ ಮಧ್ಯವರ್ತಿಗೆ ಹೋಗಿ, ಧರ್ಮಕಾರ್ಯಕ್ಕೆ ದಕ್ಕಿದ್ದು ಕೇವಲ 31.50 ಡಾಲರ್!

2004ರಲ್ಲಿ ಕಾನೂನು ಬದಲಾಗಿ 2005ರಿಂದ ಜಾರಿಗೆ ಬಂದಿತು. 500 ಡಾಲರಿಗಿಂತ ಹೆಚ್ಚಿನ ವಿನಾಯಿತಿ ಬೇಕಾದರೆ, ಕಾರು ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತೋ ಅಷ್ಟೇ ದಾನದ ಮೌಲ್ಯ. ಸಂಸ್ಥೆಯು ಕಾರನ್ನು ತನ್ನ ಕೆಲಸಕ್ಕೇ ಗಣನೀಯವಾಗಿ ಬಳಸಿದರೆ, ಗಮನಾರ್ಹ ದುರಸ್ತಿ ಮಾಡಿಸಿದರೆ, ಇಲ್ಲವೆ ಬಡವರಿಗೆ ಉಚಿತವಾಗಿಯೋ ಕಡಮೆ ಬೆಲೆಗೋ ಕೊಟ್ಟರೆ ಮಾತ್ರ ಪೇಟೆಯ ಬೆಲೆಯನ್ನು ಎಣಿಸಬಹುದು. ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂದು ನಾವು ಪಡೆದವನನ್ನು ಹಾಸ್ಯಮಾಡುತ್ತೇವೆ. ಈ ಕಾನೂನಾದರೋ ಮೊಳ ಹಾಕಿಯೇ ತೀರಬೇಕೆನ್ನುತ್ತದೆ.

ಇನ್ನು ಹೈಬ್ರಿಡ್ ಕಾರಿನ ವಿಚಾರ. ನಮ್ಮ ರೈತರಿಗೆ ಈ ಪದವು ಜೋಳದ ಬೀಜದಿಂದ ಪರಿಚಿತ. ಕಾರಿನಲ್ಲಿ ಪೆಟ್ರೋಲ್ ಎಂಜಿನ್, ವಿದ್ಯುತ್ ಮೋಟಾರು ಎರಡೂ ಜೊತೆಯಾಗಿ ದುಡಿಯುತ್ತವೆ. ಬ್ರೇಕು ಹಾಕಿದಾಗ ಮೋಟಾರೇ ಡೈನಮೋ ಆಗಿ, ವ್ಯರ್ಥವಾಗಬೇಕಾದ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಟೊಯೊಟಾ ಪ್ರಿಯಸ್ ಜಪಾನಿನಲ್ಲಿ 1997ರಲ್ಲಿ, ಅಮೆರಿಕದಲ್ಲಿ 2000ದಲ್ಲಿ ಮಾರಾಟಕ್ಕೆ ಬಂದಿತು. ಅದರ ಎರಡನೆಯ ತಲೆಮಾರಿನ ಕಾರುಗಳಲ್ಲಿ 28 ಘಟಕಗಳನ್ನು ಸಾಲಾಗಿ ಜೋಡಿಸಿದ ಬ್ಯಾಟರಿಯಿದೆ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಬಂಡಿ ಸಾಗದಂತೆ, ಒಂದು ಘಟಕ ಸೋತರೆ ಬ್ಯಾಟರಿಯೆಲ್ಲ ಸೋಲುತ್ತದೆ. ಎಂಜಿನ್ನನ್ನು ಚಾಲನೆ ಮಾಡುವುದೂ ಈ ಬ್ಯಾಟರಿಯೇ ಆದ್ದರಿಂದ, ಅದು ಪೂರ್ತಿ ಸತ್ತರೆ ಪೆಟ್ರೋಲ್ ತುಂಬಿದ್ದರೂ ಕಾರು ಕದಲದು. ಹೊಸ ಬ್ಯಾಟರಿಯ ವೆಚ್ಚವು ಕೆಲವೊಮ್ಮೆ ಹಳೆಯ ಕಾರಿನ ಬೆಲೆಯನ್ನೇ ಮೀರುವುದುಂಟು. ಹೊರಗೆ ಮೈ ಮಿರುಗುತ್ತಿದ್ದರೂ ಒಳಗೆ ಹಾಲು ಬತ್ತಿದ ಹಸುವೇ ಸರಿ.

ಆದ್ದರಿಂದ ಇಂಥ ಕಾರನ್ನು ಕೊಡುವವನು ಮೂರು ವಿಷಯಗಳನ್ನು ಯೋಚಿಸಬೇಕು. ಮೊದಲನೆಯದಾಗಿ, ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿ ಅದರ ಸ್ಥಿತಿಯನ್ನು ಮುಚ್ಚದೆ ಹೇಳಬೇಕು. ಎರಡನೆಯದಾಗಿ, ಬಂದ ಹಣದಲ್ಲಿ ಧರ್ಮಕಾರ್ಯಕ್ಕೆ ಎಷ್ಟು ಸೇರುವುದೆಂದು ಕೇಳಬೇಕು. ಕಾರನ್ನು ತಾನೇ ಮಾರಿ ಹಣ ಕೊಡುವುದು ಮೇಲಾಗಬಹುದು. ಮೂರನೆಯದಾಗಿ, ಯಾರಿಗೆ ಉಪಯೋಗವೆಂದು ನೋಡಬೇಕು. ಬಡ ಕುಟುಂಬಕ್ಕೆ ಹೊರೆಯಾಗುವ ಕಾರು, ವಾಹನ ದುರಸ್ತಿ ಕಲಿಸುವ ಶಾಲೆಗೆ ಒಳ್ಳೆಯ ಪಾಠವಾದೀತು. ತೆರಿಗೆಯ ಲಾಭವಂತೂ ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸುವವರಿಗೆ ಮಾತ್ರ; ಅಲ್ಲಿನ ಬಹುಪಾಲು ಜನರು ಸಾಮಾನ್ಯ ನಿಗದಿ ಕಡಿತವನ್ನೇ ಪಡೆಯುವುದರಿಂದ ಅವರಿಗೆ ಅದು ಸಿಗದು.

ಇದು ದೂರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ಬಿಡದಿಯಲ್ಲಿಯೇ 2013ರಿಂದ ಹೈಬ್ರಿಡ್ ಕಾರುಗಳು ತಯಾರಾಗಿವೆ; ಅವೂ ಮುದಿಯಾಗುತ್ತವೆ. ನಮ್ಮ ಕಾನೂನಿನಲ್ಲಿ ವಸ್ತುರೂಪದ ದಾನಕ್ಕೆ ತೆರಿಗೆ ವಿನಾಯಿತಿ ಇಲ್ಲ. ಹಾಗಾಗಿ ಇಲ್ಲಿ ಮೊಳ ಹಾಕಬೇಕಾದುದು ದಾನಿಯ ಮನಸ್ಸಾಕ್ಷಿಯೇ.

ಕಡೆಯದಾಗಿ ಒಂದು ಸ್ವಂತ ಮಾತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹಳ್ಳಿಯಿಂದ ಬಂದುಹೋಗಲೆಂದು ಒಬ್ಬರು ಹಳೆಯ ಸೈಕಲ್ ಕೊಟ್ಟರು. ಕೊಟ್ಟವರ ಮುಂದೆ ಬೇಡವೆನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. ಅದರ ರಿಪೇರಿಗೆ ಅವರ ನಾಲ್ಕು ದಿನದ ಕೂಲಿ ಹೋಯಿತು. ಆದರೂ ಅದು ಗೋಡೆಗೊರಗಿದ್ದು ಮತ್ತೆ ಏಳಲಿಲ್ಲ. ಮರುವರ್ಷ ನಮ್ಮೂರ ನಿವೃತ್ತ ಮೇಷ್ಟ್ರು ತಮ್ಮ ಸೈಕಲ್ಲನ್ನು ಕೊಟ್ಟರು. ಅದೂ ಹಳೆಯದೇ, ಆದರೆ ಕೊಡುವ ಮೊದಲು ಎರಡು ಟೈರು, ಬ್ರೇಕಿನ ಕಟ್ಟೆ ಹೊಸದು ಹಾಕಿಸಿ, ‘ಚೈನು ಸ್ವಲ್ಪ ಸಡಿಲ, ನೋಡಿಕೊಳ್ಳಪ್ಪ’ ಎಂದು ಹೇಳಿ ಕೊಟ್ಟರು. ಈ ಲೇಖನವನ್ನು ಸಂಪಾದಕರಿಗೆ ಒಪ್ಪಿಸಲು ನಾನು ಬಂದದ್ದು ಅದೇ ಸೈಕಲ್ಲಿನ ಮೇಲೆ.