ನಿತ್ಯದ ಹೊಡೆತವನ್ನು ನಂಬು

ಮಗೂ, ಗಾಲ್ಫಿನ ಸ್ಕೋರ್ ಕಾರ್ಡನ್ನು ಒಮ್ಮೆ ಸಾವಧಾನವಾಗಿ ನೋಡು. ಹೋಲ್‌ನ ಸಂಖ್ಯೆ ಇದೆ, ಅದರ ಉದ್ದ ಎಷ್ಟು ಗಜ ಎಂದಿದೆ, ಪಾರ್, ಅಂದರೆ ಅದನ್ನು ಮುಗಿಸಬೇಕಾದ ಹೊಡೆತಗಳ ಲೆಕ್ಕ, ಎಷ್ಟೆಂದಿದೆ, ನೀನು ಎಷ್ಟು ಹೊಡೆತದಲ್ಲಿ ಮುಗಿಸಿದೆ ಎಂದು ಬರೆಯಲು ಒಂದು ಮನೆ ಇದೆ. ನಿನ್ನ ಚೆಂಡು ಎಷ್ಟು ದೂರ ಹಾರಿತು ಎಂದು ಬರೆಯಲು ಎಲ್ಲೂ ಜಾಗವಿಲ್ಲ. ಆದರೂ ಪ್ರಾಕ್ಟೀಸ್ ರೇಂಜಿನಲ್ಲಿ ನಿನ್ನ ವಯಸ್ಸಿನವರ ಮಾತೆಲ್ಲ ಕಾರ್ಡಿನಲ್ಲಿ ಇಲ್ಲದ ಆ ಮನೆಯ ಬಗ್ಗೆಯೇ. ಯಾರ ಚೆಂಡು ದೂರದ ಬಲೆ ಮುಟ್ಟಿತು, ಯಾರ ಸ್ವಿಂಗಿನ ವೇಗ ಎಷ್ಟು, ಯಾರ ಡ್ರೈವರ್ ಹೊಸದು. ಒಂದು ಬಕೆಟ್ ಚೆಂಡು ತಂದರೆ ಮುಕ್ಕಾಲು ಪಾಲು ಡ್ರೈವರಿಗೇ ಖರ್ಚಾಗುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಕೋರ್ಸಿಗೆ ಇಳಿದ ಮೇಲೆ ನಿನ್ನ ಅತ್ಯುತ್ತಮ ಹೊಡೆತವನ್ನು ನೆನೆದು ಆಡಬೇಡ, ನಿನ್ನ ನಿತ್ಯದ ಹೊಡೆತವನ್ನು ನಂಬಿ ಆಡು. ಉಳಿದದ್ದೆಲ್ಲ ಇದರ ವಿವರಣೆ.

ನಿತ್ಯದ ಹೊಡೆತ ಯಾವುದೆಂದು ತಿಳಿದುಕೊಳ್ಳುವುದೇ ಮೊದಲ ಕೆಲಸ. ಸೆವೆನ್ ಐರನ್ನಿನಲ್ಲಿ ಎಷ್ಟು ದೂರ ಹೊಡೆಯುತ್ತೀಯ ಎಂದು ಯಾವ ಹುಡುಗನನ್ನಾದರೂ ಕೇಳಿ ನೋಡು. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿದ್ದ ದಿನ, ಒಣಗಿದ ನೆಲದ ಮೇಲೆ ಉರುಳಿಕೊಂಡು ಹೋದ ಒಂದೇ ಒಂದು ಚೆಂಡಿನ ಲೆಕ್ಕ ಹೇಳುತ್ತಾನೆ. 160 ಗಜ ಎನ್ನುತ್ತಾನೆ. ಅದೇ ಹುಡುಗನ ಕೈಯಲ್ಲಿ ಇಪ್ಪತ್ತು ಚೆಂಡು ಹೊಡೆಸಿ, ತೀರಾ ಒಳ್ಳೆಯ ಎರಡನ್ನೂ ತೀರಾ ಕೆಟ್ಟ ಎರಡನ್ನೂ ಬಿಟ್ಟು, ಉಳಿದವು ಎಲ್ಲಿ ನೆಲ ಮುಟ್ಟಿದವು ಎಂದು ಅಳೆದರೆ 145ರ ಆಸುಪಾಸಿನಲ್ಲಿ ಸಿಗುತ್ತವೆ. ನಡುವಿನ ಈ 15 ಗಜವೇ ಅವನ ಚೆಂಡನ್ನು ದಿನವಿಡೀ ನೀರಿಗೂ ಮರಳಿಗೂ ತಳ್ಳುವುದು. ಏಕೆಂದರೆ ಕೋರ್ಸ್ ಕಟ್ಟುವವರು ಕೆರೆಯನ್ನೂ ಬಂಕರನ್ನೂ ಹೆಚ್ಚಾಗಿ ಗ್ರೀನಿನ ಮುಂದೆ, ಇಲ್ಲವೇ ಪಕ್ಕದಲ್ಲಿ ಇಟ್ಟಿರುತ್ತಾರೆ. ಗಿಡ್ಡವಾಗಿ ಬಿದ್ದವನಿಗೇ ಶಿಕ್ಷೆ ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಇಲ್ಲಿಗೂ ಸಲ್ಲುತ್ತದೆ: ಸೆವೆನ್ ಐರನ್ ಸಾಲದು ಅನ್ನಿಸಿದರೆ ಸಿಕ್ಸ್ ಐರನ್ ತೆಗೆದು ನಿಧಾನವಾಗಿ ಆಡು. ನಿನ್ನ ಜೊತೆಗಾರ ಅದೇ ಜಾಗದಿಂದ ನೈನ್ ಐರನ್ ಹೊಡೆದನೆಂದು ನಾಚಿಕೆ ಬೇಡ.

ಊರು ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಚೆಂಡು ಒಂದಿಷ್ಟು ಹೆಚ್ಚೇ ಹಾರುತ್ತದೆ. ಅದೇ ಕ್ಲಬ್ಬು, ಅದೇ ಸ್ವಿಂಗು ಹಿಡಿದು ಮಂಗಳೂರಿನ ಪಿಲಿಕುಳಕ್ಕೆ ಹೋದರೆ ಗ್ರೀನಿನ ಅಂಚಿಗೂ ಮುಟ್ಟದೆ ನಿಲ್ಲಬಹುದು. ಅಲ್ಲಿ ಹೋಗಿ ಜೋರು ಮಾಡುವ ಬದಲು ಒಂದು ಕ್ಲಬ್ ದೊಡ್ಡದು ತೆಗೆದುಕೋ.

ಈಗ ಸ್ವಲ್ಪ ಗಣಿತ. ಪಾರ್ 72ರ ಕೋರ್ಸಿನಲ್ಲಿ ಹದಿನೆಂಟೂ ಹೋಲ್‌ಗಳಲ್ಲಿ ಬೋಗಿ, ಅಂದರೆ ಪಾರ್‌ಗಿಂತ ಒಂದು ಹೆಚ್ಚು, ಆಡಿದರೆ ಮೊತ್ತ 90. ಹದಿನೇಳು ಬೋಗಿ, ಒಂದು ಪಾರ್ ಆದರೆ 89. ಅಂದರೆ ಕ್ಲಬ್ಬುಗಳಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಹಂಬಲಿಸುವ ಸ್ಕೋರಿಗೆ ಪಾರ್‌ಗಿಂತ ಒಂದು ಕಡಿಮೆಯ ಬರ್ಡಿ ಒಂದೂ ಬೇಕಿಲ್ಲ. ಅವರು ಸೋಲುವುದು ಏಳು, ಎಂಟು ಬರೆದುಕೊಳ್ಳುವ ಮೂರು ನಾಲ್ಕು ಹೋಲ್‌ಗಳಲ್ಲಿ. ಆ ಎಂಟು ಹೇಗೆ ಹುಟ್ಟುತ್ತದೆ ನೋಡು. ಟೀಯಿಂದ ಜೋರಾಗಿ ಬೀಸಿದ ಚೆಂಡು ಓಬಿ, ಅಂದರೆ ಕೋರ್ಸಿನ ಗಡಿ, ದಾಟುತ್ತದೆ. ನಿಯಮದ ಪ್ರಕಾರ ಒಂದು ಪೆನಾಲ್ಟಿ ಸೇರಿಸಿ ಮತ್ತೆ ಅಲ್ಲಿಂದಲೇ ಹೊಡೆಯಬೇಕು, ಅದು ಆಗಲೇ ಮೂರನೇ ಹೊಡೆತ. ಕಳೆದದ್ದನ್ನು ಈಗಲೇ ವಸೂಲಿ ಮಾಡುತ್ತೇನೆಂದು ಮತ್ತೂ ಜೋರಾಗಿ ಬೀಸಿದರೆ ಚೆಂಡು ಮರಗಳ ನಡುವೆ. ಅಲ್ಲಿಂದ ಕೊಂಬೆಗಳ ಸಂದಿಯಲ್ಲಿ ಗ್ರೀನು ಕಾಣುತ್ತದೆ, ಆಸೆ ಹುಟ್ಟುತ್ತದೆ, ಚೆಂಡು ಕಾಂಡಕ್ಕೆ ಬಡಿಯುತ್ತದೆ. ತೆಪ್ಪಗೆ ಪಕ್ಕದ ಫೇರ್‌ವೇಗೆ ಹೊರತೆಗೆದಿದ್ದರೆ ಏಳಕ್ಕೆ ಮುಗಿಯುತ್ತಿತ್ತು.

ಜೋರು ಮಾಡಿದಷ್ಟೂ ತಪ್ಪು ಏಕೆ ದೊಡ್ಡದಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಚೆಂಡು ಗುರಿಯಿಂದ ಐದು ಡಿಗ್ರಿ ಓರೆಯಾಗಿ ಹೊರಟಿತು ಎಂದುಕೋ. 200 ಗಜ ಹೋಗುವಷ್ಟರಲ್ಲಿ ಅದು ಸುಮಾರು 17 ಗಜ ಪಕ್ಕಕ್ಕೆ ಸರಿದಿರುತ್ತದೆ. ಅದೇ ಓರೆಯಲ್ಲಿ 260 ಗಜ ಹೋದರೆ ಸುಮಾರು 23 ಗಜ. ಮೊದಲನೆಯದು ಫೇರ್‌ವೇಯ ಅಂಚಿನಲ್ಲಿ ಉಳಿದರೆ ಎರಡನೆಯದು ರಫ್ ದಾಟಿ ಮರದ ಬುಡ ಸೇರುತ್ತದೆ. ಮೈಯೆಲ್ಲ ಬಿಗಿದು ಬೀಸುವಾಗ ಐದು ಡಿಗ್ರಿ ಐದಾಗಿಯೂ ಉಳಿಯುವುದಿಲ್ಲ, ಎಂಟು ಹತ್ತಾಗುತ್ತದೆ. ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ ಕೋರ್ಸಿನಲ್ಲಿ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. 1876ರಲ್ಲಿ ಶುರುವಾದ, ನಗರದ ನಟ್ಟನಡುವಿನ ಆ ಜಾಗದಲ್ಲಿ ಮರಗಳೂ ರಸ್ತೆಗಳೂ ಪಕ್ಕದಲ್ಲೇ ಕಾದಿರುತ್ತವೆ.

ನಮ್ಮೂರಿನ ಹುಡುಗಿಯೊಬ್ಬಳ ಆಟವನ್ನೇ ನೋಡು. ಅದಿತಿ ಅಶೋಕ್ ಐದು ವರ್ಷದವಳಾಗಿದ್ದಾಗ ಆಟ ಶುರು ಮಾಡಿದ್ದು ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನಲ್ಲಿ. ಆ ಕೋರ್ಸಿನ ನಕ್ಷೆ ಹಾಕಿದವರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. 1954ರಿಂದ 1965ರ ನಡುವೆ ಐದು ಬಾರಿ ಬ್ರಿಟಿಷ್ ಓಪನ್ ಗೆದ್ದವರು, 1964ರ ಮೊದಲ ಇಂಡಿಯನ್ ಓಪನ್ ಗೆದ್ದವರು. ಅವರ ಹೆಸರು ಉಳಿದಿರುವುದು ತೋಳ್ಬಲಕ್ಕಲ್ಲ, ಚೆಂಡನ್ನು ಬೇಕಾದಲ್ಲಿ ಇಳಿಸುವ ಸರಳ ಆಟಕ್ಕೆ. ಅಂಥವರು ರೂಪಿಸಿದ ಹುಲ್ಲಿನ ಮೇಲೆ ಕಲಿತ ಅದಿತಿ 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ಗೆ ಇಳಿದಾಗ ವಿಶ್ವ ರ‍್ಯಾಂಕಿಂಗಿನಲ್ಲಿ 200ನೆಯವಳು. ಕೆಲವು ತಿಂಗಳ ಹಿಂದೆ ಕೋವಿಡ್ ಬಂದು ಮೈಯ ಕಸುವೂ ಕುಗ್ಗಿತ್ತು. ಜೊತೆಯಲ್ಲಿ ಆಡಿದ ಅಮೆರಿಕದ ನೆಲ್ಲಿ ಕೊರ್ಡಾಳ ಡ್ರೈವ್ ಅವಳದಕ್ಕಿಂತ ಎಷ್ಟೋ ಮುಂದೆ ಬೀಳುತ್ತಿತ್ತು. ಬೇರೆಯವರು ಸಣ್ಣ ಐರನ್ ಹಿಡಿದು ಗ್ರೀನಿಗೆ ಹೊಡೆಯುವಲ್ಲಿ ಇವಳು ಹೈಬ್ರಿಡ್, ಫೇರ್‌ವೇ ವುಡ್ ಹಿಡಿಯಬೇಕಿತ್ತು.

ಆದರೂ ಮೊದಲ ದಿನದಿಂದಲೇ ಅವಳು ಪದಕದ ಸಾಲಿನಲ್ಲೇ ಇದ್ದಳು. ನಾಲ್ಕು ದಿನದ ಸ್ಕೋರು 67, 66, 68, 68. ಒಂದು ದಿನ ಹಾರುವುದು, ಮರುದಿನ ಬೀಳುವುದು ಅಲ್ಲಿಲ್ಲ. ಒಟ್ಟು 15 ಅಂಡರ್, ಅಂದರೆ ಪಾರ್‌ಗಿಂತ 15 ಕಡಿಮೆ, ನಾಲ್ಕನೇ ಸ್ಥಾನ. ಕಂಚು ಗೆದ್ದ ಲಿಡಿಯಾ ಕೋಗಿಂತ ಒಂದೇ ಹೊಡೆತ ಹಿಂದೆ. ಪದಕ ಬರಲಿಲ್ಲ ಎಂದು ಊರೆಲ್ಲ ಮರುಗಿತು, ಸರಿ. ನೀನು ಗಮನಿಸಬೇಕಾದದ್ದು ಬೇರೆ. ಪಕ್ಕದವಳ ಚೆಂಡು ಮುಂದೆ ಬಿದ್ದಿರುವುದನ್ನು ದಿನವಿಡೀ ಕಣ್ಣಾರೆ ಕಾಣುತ್ತಲೇ, ಅವಳನ್ನು ಹಿಂದಿಕ್ಕಲು ಹೋಗದೆ ತನ್ನ ಅಳತೆಯಲ್ಲಿ ಆಡಿದಳಲ್ಲ, ಅದು. ಕೈಯಲ್ಲಿ ಹೈಬ್ರಿಡ್ ಇರಬೇಕಾದ ಹೊತ್ತಿನಲ್ಲಿ ಹೈಬ್ರಿಡ್ಡೇ ಇತ್ತು. ಗ್ರೀನ್ ಮುಟ್ಟಿದ ಮೇಲೆ ಪಟರ್ ಮಾತಾಡಿತು.

ಸ್ಥಿರವಾಗಿ ಆಡುವವರಿಗೆ ಕೆಟ್ಟ ದಿನ ಬರುವುದೇ ಇಲ್ಲವೆಂದು ಮಾತ್ರ ತಿಳಿಯಬೇಡ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಅದಿತಿ ಕೊನೆಯ ದಿನಕ್ಕೆ ಏಳು ಹೊಡೆತಗಳ ಮುನ್ನಡೆಯೊಡನೆ ಬಂದಳು, ಅಂದು 77 ಆಡಿದಳು, ಚಿನ್ನದ ಬದಲು ಬೆಳ್ಳಿ ಸಿಕ್ಕಿತು. ಆ ಬೆಳ್ಳಿಯೂ ಏಷ್ಯನ್ ಗೇಮ್ಸ್ ಗಾಲ್ಫಿನಲ್ಲಿ ಭಾರತದ ಮಹಿಳೆಯೊಬ್ಬರಿಗೆ ದಕ್ಕಿದ ಮೊದಲ ಪದಕ. ಮೊದಲ ಮೂರು ದಿನ ಕೂಡಿಟ್ಟದ್ದು ಇದ್ದುದರಿಂದಲೇ ಕೊನೆಯ ದಿನ ಕೆಟ್ಟರೂ ಏನೋ ಉಳಿಯಿತು.

ಅಳತೆ ಮೀರಿದವರೂ ಅಳತೆ ಕಾಯ್ದವರೂ ದೊಡ್ಡ ಆಟಗಾರರಲ್ಲೇ ಇದ್ದಾರೆ. 1999ರ ಬ್ರಿಟಿಷ್ ಓಪನ್‌ನಲ್ಲಿ, ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ, ಫ್ರಾನ್ಸಿನ ಜಾನ್ ವಾನ್ ಡಿ ವೆಲ್ಡ್ ಕೊನೆಯ ಹೋಲಿಗೆ ಬಂದಾಗ ಮೂರು ಹೊಡೆತ ಮುಂದಿದ್ದ. ಪಾರ್ ನಾಲ್ಕರ ಆ ಹೋಲನ್ನು ಆರಕ್ಕೆ ಮುಗಿಸಿದರೂ ಗೆಲುವು ಅವನದು. ಅವನು ಡ್ರೈವರ್ ತೆಗೆದ, ಚೆಂಡು ಬಲಕ್ಕೆ ಹೋಯಿತು. ಅಷ್ಟಕ್ಕೂ ಕೆಟ್ಟಿರಲಿಲ್ಲ. ವೆಜ್ ಹಿಡಿದು ಮುಂದಕ್ಕೆ ತಳ್ಳಿದ್ದರೆ ಆಗುತ್ತಿತ್ತು. ಅದರ ಬದಲು ಎರಡನೇ ಹೊಡೆತಕ್ಕೇ ಗ್ರೀನಿಗೆ ಗುರಿಯಿಟ್ಟು ಟೂ ಐರನ್ ಬೀಸಿದ. ಚೆಂಡು ಪ್ರೇಕ್ಷಕರ ಗ್ಯಾಲರಿಗೆ ಬಡಿದು ರಫ್‌ಗೆ ಸಿಡಿಯಿತು, ಅಲ್ಲಿಂದ ಹೊಡೆದದ್ದು ತೊರೆಗೆ ಬಿತ್ತು. ಏಳು ಬರೆದು ಪ್ಲೇಆಫ್‌ಗೆ ಹೋಗಿ ಪಾಲ್ ಲಾರಿಗೆ ಸೋತ. ಇನ್ನೊಂದು ಕಡೆ 2007ರ ಮಾಸ್ಟರ್ಸ್‌ನಲ್ಲಿ ಅಮೆರಿಕದ ಝ್ಯಾಕ್ ಜಾನ್ಸನ್. ನಾಲ್ಕು ದಿನಗಳಲ್ಲಿ ಹದಿನಾರು ಸಲ ಪಾರ್ ಐದು ಎದುರಾಯಿತು, ಒಂದು ಸಲವೂ ಎರಡೇ ಹೊಡೆತಕ್ಕೆ ಗ್ರೀನ್ ಮುಟ್ಟುವ ಆಸೆಗೆ ಬೀಳಲಿಲ್ಲ. ತನಗೆ ಒಗ್ಗಿದ ದೂರದಲ್ಲಿ ಚೆಂಡು ನಿಲ್ಲಿಸಿ ವೆಜ್ ಆಡಿದ. ಆ ಹೋಲ್‌ಗಳಲ್ಲೇ 11 ಅಂಡರ್ ಗಳಿಸಿ, ಟೈಗರ್ ವುಡ್ಸ್‌ನನ್ನು ಎರಡು ಹೊಡೆತ ಹಿಂದೆ ಬಿಟ್ಟು, ಅಲ್ಲಿ ಗೆದ್ದವರಿಗೆ ಕೊಡುವ ಹಸಿರು ಕೋಟು ತೊಟ್ಟ.

ನೀನು ಕೇಳುತ್ತೀಯ, ಗೊತ್ತು: ಹಾಗಾದರೆ 2020ರ ಯುಎಸ್ ಓಪನ್‌ನಲ್ಲಿ ಬ್ರೈಸನ್ ಡಿಶಾಂಬೊ ಬರೀ ಬಲದಿಂದ ಗೆಲ್ಲಲಿಲ್ಲವೇ ತಾತ? ಗೆದ್ದ. 56 ಫೇರ್‌ವೇಗಳಲ್ಲಿ 23ನ್ನು ಮಾತ್ರ ಹಿಡಿದು, ಆರು ಹೊಡೆತಗಳ ಅಂತರದಿಂದ ಗೆದ್ದ. ದೂರಕ್ಕೆ ಬೆಲೆಯಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅಪಾರ ಸಂಖ್ಯೆಯ ಹೊಡೆತಗಳನ್ನು ಅಳೆದು ತೋರಿಸಿದ್ದಾರೆ: ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಮೂರನೇ ಎರಡು ಪಾಲು ಹುಟ್ಟುವುದು 100 ಗಜದ ಆಚೆಯ ಹೊಡೆತಗಳಲ್ಲಿ. ಆದರೆ ಆ ಅಂತರದಲ್ಲಿ ದೂರದ ಜೊತೆಗೆ ನೇರವೂ ಸೇರಿದೆ. ಡಿಶಾಂಬೊ ರಫ್‌ನಲ್ಲಿ ಬಿದ್ದರೂ ದಪ್ಪ ಹುಲ್ಲಿನಿಂದ ಗ್ರೀನಿಗೆ ಎತ್ತುವ ತೋಳು ಕಟ್ಟಿಕೊಂಡಿದ್ದ. ಆ ಹೊಡೆತ ಅವನಿಗೆ ನಿತ್ಯದ್ದು. ನಿನಗೆ ಅದು ಅಪರೂಪದ್ದು. ವ್ಯತ್ಯಾಸ ಅಷ್ಟೇ. ಎಳೆಯ ವಯಸ್ಸು ವೇಗ ಬೆಳೆಸಿಕೊಳ್ಳುವ ಕಾಲ ಹೌದು, ಬೆಳೆಸಿಕೋ. ಅದಕ್ಕೆ ರೇಂಜಿನಲ್ಲಿ ಬೇರೆಯೇ ಹೊತ್ತು ಇಡು, ಕೋಚ್ ಕಣ್ಣೆದುರು, ಸೊಂಟ ನೋಯದ ಹಾಗೆ. ಕಾರ್ಡಿನಲ್ಲಿ ಅಂಕಿ ಬರೆಯುವ ದಿನ ಅದನ್ನು ಪರೀಕ್ಷಿಸಬೇಡ.

ಇನ್ನೊಂದು ಗುಟ್ಟು. ದೂರಕ್ಕೆ ಅತಿ ಅಗ್ಗದ ದಾರಿ ಜೋರಲ್ಲ, ಕ್ಲಬ್ಬಿನ ನಡು. ಗಂಟೆಗೆ 90 ಮೈಲಿ ವೇಗದಲ್ಲಿ ಬೀಸಿದ ಡ್ರೈವರಿನ ಸರಿ ನಡುವಿಗೆ ಚೆಂಡು ತಾಗಿದರೆ ಅದು 133 ಮೈಲಿ ವೇಗದಲ್ಲಿ ಚಿಮ್ಮುತ್ತದೆ. 96 ಮೈಲಿಯಲ್ಲಿ ಬೀಸಿ ಚೆಂಡು ಅಂಚಿಗೆ ತಾಗಿದರೆ ಹೆಚ್ಚುಕಡಿಮೆ ಅದೇ ವೇಗ, ಮೇಲೆ ದಿಕ್ಕೂ ಕೆಟ್ಟಿರುತ್ತದೆ. ಕ್ಲಬ್ಬಿನ ಮುಖಕ್ಕೆ ಒಂದಿಷ್ಟು ಟಾಲ್ಕಂ ಪೌಡರ್ ಬಳಿದು ಹೊಡೆದು ನೋಡು, ಚೆಂಡು ತಾಗಿದ ಗುರುತು ಕಾಣುತ್ತದೆ. ಗುರುತುಗಳು ಒಂದೇ ಕಡೆ ಗುಂಪಾಗುವ ತನಕ ವೇಗ ಏರಿಸಬೇಡ. ಹಿಡಿತ ಸಡಿಲವಿರಲಿ, ಮುಂಗೈ ಬಿಗಿಯದಿರಲಿ. ಹೊಡೆದ ಮೇಲೆ ಚೆಂಡು ನೆಲಕ್ಕೆ ಬೀಳುವವರೆಗೂ ಮುಂದಿನ ಕಾಲಿನ ಮೇಲೆ ಅಲುಗದೆ ನಿಲ್ಲು. ನಿಲ್ಲಲಾಗದಿದ್ದರೆ ನಿನ್ನ ಶಕ್ತಿ ಮೀರಿ ಬೀಸಿದ್ದೀಯ ಎಂದರ್ಥ. ಇದನ್ನು ತಿಳಿಯಲು ಯಂತ್ರ ಬೇಕಿಲ್ಲ.

ಪಟ್ಟಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಇದೊಂದು ತಿಳಿದಿರಲಿ. ಅಮೆರಿಕದ ಪಿಜಿಎ ಟೂರಿನಲ್ಲಿ ಆಡುವವರೇ ಎಂಟು ಅಡಿಯ ಪಟ್ಟನ್ನು ಎರಡರಲ್ಲಿ ಒಂದು ಸಲ ಮಾತ್ರ ಹಾಕುತ್ತಾರೆ. ನೀನು ತಪ್ಪಿಸಿದರೆ ಪಟರ್ ಎಸೆಯುವಂಥದ್ದೇನೂ ಆಗಿಲ್ಲ. ಮೂವತ್ತು ಅಡಿಯಿಂದ ಹೋಲಿನ ಪಕ್ಕ ಮೂರಡಿಯೊಳಗೆ ತಂದು ನಿಲ್ಲಿಸುವುದನ್ನೂ, ಆ ಮೂರಡಿಯದನ್ನು ತಪ್ಪದೆ ಹಾಕುವುದನ್ನೂ ಅಭ್ಯಾಸ ಮಾಡು. ಮೂರು ಪಟ್ಟಿನ ಹೋಲ್‌ಗಳು ಹಾಗೆಯೇ ಕರಗುತ್ತವೆ. ಗ್ರೀನಿನ ಇಳಿಜಾರು ಕಣ್ಣಿಗೆ ಕಾಣದಿದ್ದರೆ ಕ್ಯಾಡಿ ಅಣ್ಣನನ್ನು ಕೇಳು. ದಿನಾ ಅದೇ ಹುಲ್ಲಿನ ಮೇಲೆ ಓಡಾಡುವವರು ಅವರು. ನೀನು ಯಾವ ಕ್ಲಬ್ ತೆಗೆಯಬೇಕೆಂಬುದೂ ಎರಡು ಹೋಲ್ ಕಳೆಯುವಷ್ಟರಲ್ಲಿ ಅವರಿಗೆ ಗೊತ್ತಾಗಿರುತ್ತದೆ. ಅವರು ಸಿಕ್ಸ್ ಐರನ್ ಚಾಚಿದರೆ ಸೆವೆನ್ ಕೊಡಿ ಎನ್ನಬೇಡ.

ಇಷ್ಟು ಕೇಳಿದವನು ಒಂದು ಕೆಲಸ ಮಾಡು. ಮುಂದಿನ ತಿಂಗಳೆಲ್ಲ ಕಾರ್ಡಿನ ಹಿಂದೆ ಮೂರೇ ಮೂರು ಲೆಕ್ಕ ಬರೆ: ಪೆನಾಲ್ಟಿ ಎಷ್ಟು, ಡಬಲ್ ಬೋಗಿ ಮತ್ತು ಅದಕ್ಕಿಂತ ಕೆಟ್ಟದ್ದು ಎಷ್ಟು, ಮೂರು ಪಟ್ ಎಷ್ಟು. ದೂರದ ಮಾತು ಬೇಡ, ಬರ್ಡಿಯ ಮಾತೂ ಬೇಡ. ಆ ಮೂರು ಅಂಕಿ ಅರ್ಧಕ್ಕೆ ಇಳಿದ ಮೇಲೆ ಬಂದು ಹೊಸ ಡ್ರೈವರ್ ಬೇಕು ಎನ್ನು. ಅಂಗಡಿಗೆ ನಾನೂ ಬರುತ್ತೇನೆ, ದುಡ್ಡೂ ನಾನೇ ಕೊಡುತ್ತೇನೆ.